ಮನೆ ಅತ್ತೆ ಹೆಸರಲ್ಲಿದ್ದರೆ ಸೊಸೆಗೆ ಹಕ್ಕಿಲ್ಲವೇ?

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷ. ಗಂಡನ ಹೊಡೆತ ತಾಳಲಾರದೆ ಮದ್ದೂರಿನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಮೈಸೂರಿನ ತವರಿಗೆ ಬಂದಿದ್ದೇನೆ. ಖಾತೆ ಅತ್ತೆ ಹೆಸರಲ್ಲಿರೋದ್ರಿಂದ ನಿನಗೇನೂ ಸಿಗಲ್ಲ ಅಂತಾರೆ. ಇಲ್ಲಿನ ಸ್ಟೇಷನ್‌ನಲ್ಲಿ ಮದ್ದೂರಿಗೇ ಹೋಗಿ ಅಂದರು.

ಹೆಚ್ಚುಕಮ್ಮಿ ಇದೇ ಪ್ರಶ್ನೆ ಊರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಖಾತೆಯ ಮಾತಿಗೆ ಮೂಲ ಸುಪ್ರೀಂ ಕೋರ್ಟಿನ 2006ರ ಒಂದು ತೀರ್ಪು. ಅದನ್ನು 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿದೆ. ಗಂಡನ ಜೊತೆ ಸಂಸಾರ ಹೂಡಿದ್ದ ಮನೆ ಅತ್ತೆ ಮಾವನ ಸ್ವಂತದ್ದಾದರೂ ಅಲ್ಲಿ ವಾಸಿಸುವ ಹಕ್ಕು ಸೊಸೆಗಿದೆ. ಹೊಡೆತಕ್ಕೆ ಹೆದರಿ ಹೊರಬಂದಿರಿ ಎಂದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಬ್ಬಕ್ಕೆ ಬಂದು ನಾಲ್ಕು ದಿನ ಉಳಿದ ಮನೆ ಲೆಕ್ಕಕ್ಕಿಲ್ಲ. ಇದು ವಾಸದ ಹಕ್ಕೇ ಹೊರತು ಪಾಲಲ್ಲ; ಮನೆ ಮಾರಿ ದುಡ್ಡು ಕೊಡಿ ಎಂದು ಬರೆದರೆ ಅರ್ಜಿ ಅಲ್ಲೇ ಕುಂಟುತ್ತದೆ.

ಪೊಲೀಸ್ ಕೇಸು ಬೇರೆ, ಕೌಟುಂಬಿಕ ಹಿಂಸೆಯ (ಡಿ.ವಿ.) ಅರ್ಜಿ ಬೇರೆ. ಹೆಂಡತಿಗೆ ಕಿರುಕುಳ ಕೊಟ್ಟ ಅಪರಾಧದ ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದರಲ್ಲಿ ಗಂಡನಿಗೆ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು, ನಿಮಗೆ ಮನೆ, ಖರ್ಚಿನ ಹಣ ಬರುವುದಿಲ್ಲ. ಇವು ಬೇಕಿದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಂ ಕೆಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ತಾತ್ಕಾಲಿಕವಾಗಿ ಎಲ್ಲಿದ್ದೀರೋ ಅಲ್ಲಿಯೂ ಹಾಕಬಹುದು, ಅಂದರೆ ಮೈಸೂರಿನಲ್ಲೇ. ಸ್ಟೇಷನ್‌ನವರ ಮಾತೂ ತಪ್ಪು: ಇಂಥ ದೂರನ್ನು, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗಿ ದಾಖಲಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್.

ಡಿ.ವಿ. ಅರ್ಜಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಿ; ಈ ಕಾಯ್ದೆಯ ಸಂರಕ್ಷಣಾಧಿಕಾರಿ ಅವರೇ. ಕೌಟುಂಬಿಕ ಘಟನಾ ವರದಿಯನ್ನು ಅವರು ತಯಾರಿಸುತ್ತಾರೆ. ಆ ವರದಿ ಇಲ್ಲದೆಯೂ ನೇರವಾಗಿ ಅರ್ಜಿ ಹಾಕಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ 'ಮೇಡಂ ಮೀಟಿಂಗ್‌ನಲ್ಲಿದ್ದಾರೆ' ಎಂಬ ಉತ್ತರಕ್ಕೆ ತಿಂಗಳುಗಟ್ಟಲೆ ಅಲೆಯಬೇಡಿ. ವಕೀಲರ ಫೀಸಿಗೆ ಸಾಲ ಮಾಡುವುದೂ ಬೇಡ. ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ, ದೂರವಾಣಿ 15100.

ಅರ್ಜಿ ಕೆಡುವುದು ಬರವಣಿಗೆಯಲ್ಲಿ. 'ಮದುವೆಯಾದಾಗಿನಿಂದ ಕಿರುಕುಳ' ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ದಿನ, ಯಾರು, ಯಾವುದರಿಂದ ಹೊಡೆದರು, ಯಾವ ಆಸ್ಪತ್ರೆಗೆ ಹೋದಿರಿ ಎಂದು ಬರೆಯಿರಿ. ಆಸ್ಪತ್ರೆಯಲ್ಲಿ 'ಬಚ್ಚಲಲ್ಲಿ ಜಾರಿ ಬಿದ್ದೆ' ಅಂತ ಬರೆಸಿದ್ದರೆ ಅದನ್ನೂ, ಹಾಗೇಕೆ ಬರೆಸಿದಿರಿ ಎಂಬುದನ್ನೂ ನೀವೇ ಮೊದಲು ಹೇಳಿಬಿಡಿ. ಕೇಳುವುದು ಆ ಮನೆಯ ವಾಸವಾದ್ದರಿಂದ ಅತ್ತೆಯನ್ನೂ ಎದುರುದಾರರಾಗಿ ಸೇರಿಸಿ. ಆದರೆ ಮೈದುನ, ನಾದಿನಿ, ನಾದಿನಿ ಗಂಡ ಎಂದು ಇಡೀ ಲಗ್ನಪತ್ರಿಕೆಯನ್ನೇ ಕೋರ್ಟಿಗೆ ಎಳೆಯಬೇಡಿ. ಒಬ್ಬೊಬ್ಬರ ಹೆಸರಿಗೂ ನೋಟಿಸ್ ಜಾರಿಯಾಗುವಷ್ಟರಲ್ಲಿ ವರ್ಷ ಕಳೆಯುತ್ತದೆ.

ಕೋರಿಕೆಗಳನ್ನು ಕಾಯ್ದೆಯ ಕಲಂವಾರು ಬೇರೆ ಬೇರೆ ಬರೆಸಿ: 18ರಲ್ಲಿ ರಕ್ಷಣೆ, 19ರಲ್ಲಿ ವಾಸ ಅಥವಾ ಬೇರೆ ಮನೆಯ ಬಾಡಿಗೆ, 20ರಲ್ಲಿ ಜೀವನಾಂಶ, 21ರಲ್ಲಿ ಮಗಳ ತಾತ್ಕಾಲಿಕ ಸುಪರ್ದಿ. ಅತ್ತೆಯನ್ನು ಮನೆಯಿಂದ ಕಳಿಸಿ ಎಂದು ಕೇಳಬೇಡಿ. ಹೆಂಗಸಿನ ವಿರುದ್ಧ ಅಂಥ ಆದೇಶಕ್ಕೆ ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ಮೊದಲ ವಿಚಾರಣೆಯಿಂದ 60 ದಿನದಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕೂರಬೇಡಿ. 23ನೇ ಕಲಂ ಕೆಳಗೆ ಮಧ್ಯಂತರ ಆದೇಶದ ಅರ್ಜಿಯನ್ನು ಮೊದಲ ದಿನವೇ, ನಮೂನೆ 3ರ ಪ್ರಮಾಣಪತ್ರದ (ಅಫಿಡವಿಟ್) ಸಮೇತ ಹಾಕಿ. ಜೊತೆಗೆ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರವೂ ಬೇಕು. ಸುಪ್ರೀಂ ಕೋರ್ಟಿನ 2020ರ ರಜನೀಶ್ ತೀರ್ಪಿನ ನಂತರ ಅದು ಇಬ್ಬರಿಗೂ ಕಡ್ಡಾಯ. ಗಂಡ ಸಂಬಳದಾರನಾದರೆ ಸಂಬಳದಿಂದಲೇ ಕಡಿತ ಮಾಡಿಸಿ ಎಂದು 20(6)ನ್ನು ಉಲ್ಲೇಖಿಸಿ ಕೇಳಿ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಸಜೆ, ಅದೂ ಜಾಮೀನುರಹಿತ. ಆದೇಶದ ಪ್ರತಿ ಠಾಣೆಗೆ ತಲುಪಿದೆಯೇ ಎಂದು ನೀವೇ ಹೋಗಿ ನೋಡಿ.

ಇತ್ತೀಚಿನ ಎದುರೇಟೂ ಗೊತ್ತಿರಲಿ. ಅತ್ತೆ ಮಾವ ಹಿರಿಯ ನಾಗರಿಕರ ಕಾಯ್ದೆ ಹಿಡಿದು 'ಸೊಸೆಯನ್ನು ಖಾಲಿ ಮಾಡಿಸಿ' ಎಂದು ಉಪವಿಭಾಗಾಧಿಕಾರಿ ಬಳಿ ಹೋಗುತ್ತಾರೆ. ಆ ಕಾಯ್ದೆ ಸೊಸೆಯ ವಾಸದ ಹಕ್ಕನ್ನು ತನ್ನಷ್ಟಕ್ಕೆ ತಾನೇ ಅಳಿಸುವುದಿಲ್ಲವೆಂದು ಬೆಂಗಳೂರಿನದೇ ಎಸ್. ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿದೆ. ನೋಟಿಸ್ ಬಂದರೆ ಹೆದರಿ ಮನೆಯಲ್ಲಿ ಕೂರದೆ ಹಾಜರಾಗಿ.

ಪ್ರಶ್ನೆ: ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ವಿಚ್ಛೇದನ ಆಗಿದೆ, ನಡೆಯುತ್ತಾ?

ನೀವಿಬ್ಬರೂ ಹಿಂದೂಗಳಾದರೆ ನಡೆಯುವುದಿಲ್ಲ. ನೋಟರಿ ಮೊಹರಿದ್ದರೂ, ಸಮುದಾಯದ ಅಥವಾ ಮನೆತನದ ಪದ್ಧತಿ ಎಂದು ಕೋರ್ಟಿನಲ್ಲಿ ರುಜುವಾತು ಮಾಡದ ಹೊರತು, ಅದು ಬರೀ ಕಾಗದ.

ಪ್ರಶ್ನೆ: ಮಾನವ ಹಕ್ಕು ಸಂಸ್ಥೆಯವರು 25 ಸಾವಿರಕ್ಕೆ ಸೆಟ್ಲ್ ಮಾಡಿಸ್ತಾರಂತೆ.

ಕಾರಿಗೆ ಬೋರ್ಡ್ ಹಾಕಿಕೊಂಡವರಿಗೂ, '24 ಗಂಟೆಯಲ್ಲಿ ದಾಂಪತ್ಯ ಪರಿಹಾರ' ಎಂದು ಗೋಡೆಗೆ ಅಂಟಿಸುವ ಜ್ಯೋತಿಷಿಗೂ ಇರುವ ಅಧಿಕಾರ ಒಂದೇ: ಸೊನ್ನೆ.

ಪ್ರಶ್ನೆ: ಗಂಡಸರು ಡಿ.ವಿ. ಕೇಸು ಹಾಕಬಹುದಾ?

ಇಲ್ಲ.

ಪ್ರಶ್ನೆ: ಕಾಲೇಜಿನ ದಾರಿಯಲ್ಲಿ ಒಬ್ಬ ಹಿಂಬಾಲಿಸ್ತಾನೆ, ಮೆಸೇಜ್ ಮಾಡ್ತಾನೆ. ಎಲ್ಲಾ ಡಿಲೀಟ್ ಮಾಡಿ ಬ್ಲಾಕ್ ಮಾಡಿದ್ದೇನೆ.

ಡಿಲೀಟ್ ಮಾಡಿದ್ದೇ ತಪ್ಪು. ಇದು ನ್ಯಾಯ ಸಂಹಿತೆಯ 78ನೇ ಕಲಂ, ಮೂರು ವರ್ಷದವರೆಗೆ ಸಜೆ. ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಬೆನ್ನು ಹತ್ತಿದ ಎಂದು ತೋರಿಸಬೇಕಾಗುತ್ತದೆ. ಆದ್ದರಿಂದ 'ಸಂಪರ್ಕಿಸಬೇಡ' ಎಂದು ಒಂದೇ ಸಲ ಬರೆದು ಸುಮ್ಮನಾಗಿ, ಬೈದಾಟ ಬೇಡ. ನಂಬರ್, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನ್ ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಮುದ್ರಿತ ಪ್ರತಿಯ ಜೊತೆ ದೃಢೀಕರಣ ಪತ್ರ ಬೇಕು. ಮೊದಲ ಸಲ ಇದು ಜಾಮೀನು ಸಿಗುವ ಅಪರಾಧ, ಅವನು ಸಂಜೆಗೇ ಹೊರಬರಬಹುದು. ಆದರೂ ದೂರು ಕೊಡಿ: ಒಮ್ಮೆ ಶಿಕ್ಷೆಯಾದವನು ಮತ್ತೆ ಸಿಕ್ಕಿಬಿದ್ದರೆ ಐದು ವರ್ಷದವರೆಗೆ ಸಜೆ, ಜಾಮೀನೂ ಸುಲಭಕ್ಕೆ ಸಿಗುವುದಿಲ್ಲ. ದಾರಿಯಲ್ಲಿ ಅಡ್ಡಗಟ್ಟಿದರೆ 112ಕ್ಕೆ ಕರೆ ಮಾಡಿ.