ಕಾಯಿಲ್ ಪ್ಯಾಕನ್ನು ಎಲ್ಲಿ ಕೂರಿಸಬೇಕು, ಯಾವ ಪ್ಲಗ್ ವೈರ್ ಹಾಕಬೇಕು?

ನಾಲ್ಕು ಸಿಲಿಂಡರಿನ ಹಳೆಯ ಎಂಜಿನ್ನಿನಿಂದ ಡಿಸ್ಟ್ರಿಬ್ಯೂಟರನ್ನು (ಕಿಡಿಯನ್ನು ಸರದಿಯಂತೆ ಸಿಲಿಂಡರ್‌ಗಳಿಗೆ ಹಂಚುವ ಭಾಗ) ತೆಗೆದು ಹೊಸ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಜೊತೆಗೆ ವೇಸ್ಟೆಡ್ ಸ್ಪಾರ್ಕ್ ಕಾಯಿಲ್ ಪ್ಯಾಕ್ (ಒಂದೊಂದು ಕಾಯಿಲ್ ಎರಡೆರಡು ಸಿಲಿಂಡರ್‌ಗಳಿಗೆ ಒಟ್ಟಿಗೆ ಕಿಡಿ ಕೊಡುವಂಥದ್ದು) ಅಳವಡಿಸುತ್ತಿದ್ದೀರಿ. ಪ್ಯಾಕನ್ನು ರಾಕರ್ ಕವರಿನ (ಹೆಡ್‌ನ ಮೇಲಿನ ಮುಚ್ಚಳ) ಮೇಲೆ ಕೂರಿಸಬೇಕೋ ಫೈರ್‌ವಾಲ್ (ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ಗೋಡೆ) ಮೇಲೆಯೋ, ತಾಮ್ರದ ಎಳೆಯ ದಪ್ಪ ವೈರ್ ಹಾಕಿದರೆ ಕಿಡಿ ಬಲವಾಗುತ್ತದೆಯೋ ಎಂದು ಕೇಳಿದ್ದೀರಿ. ನನ್ನ ಸಲಹೆ ಇಷ್ಟು: ಪ್ಯಾಕನ್ನು ಸಿಲಿಂಡರ್ ಹೆಡ್‌ಗೆ ಬಿಗಿದ ಗಟ್ಟಿ ಬ್ರಾಕೆಟ್ ಮೇಲೆ, ಎಕ್ಸಾಸ್ಟ್‌ಗೆ ಎದುರು ಬದಿಯಲ್ಲಿ ಕೂರಿಸಿ, ಒಳಗೆ ಸುರುಳಿ ಸುತ್ತಿದ ತಂತಿಯಿರುವ ಸಿಲಿಕೋನ್ ಹೊದಿಕೆಯ ವೈರ್ ಹಾಕಿ, ತಾಮ್ರದ ಎಳೆಯ ವೈರ್ ಬೇಡ.

ಈ ಎರಡೂ ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಬಿಡಿಸಲು ಬರುವುದಿಲ್ಲ, ಏಕೆಂದರೆ ಕಿಡಿಯ ಕರೆಂಟು ವೈರ್ ಮೂಲಕ ಹೋದಂತೆಯೇ ಎಲ್ಲಿಂದಲಾದರೂ ಕಾಯಿಲ್‌ಗೆ ಹಿಂದಿರುಗಲೇಬೇಕು. ವೇಸ್ಟೆಡ್ ಸ್ಪಾರ್ಕ್ ಪ್ಯಾಕ್‌ನಲ್ಲಿ ಒಂದು ಸೆಕೆಂಡರಿ (ಹೆಚ್ಚಿನ ವೋಲ್ಟೇಜ್ ಹುಟ್ಟುವ) ಸುರುಳಿಯ ಎರಡು ತುದಿಗಳೂ ಎರಡು ಪ್ಲಗ್‌ಗಳಿಗೆ ಹೋಗುತ್ತವೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2 ಆಗಿದ್ದರೆ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು ಜೋಡಿ. ಕರೆಂಟು ಒಂದು ಪ್ಲಗ್‌ನಲ್ಲಿ ಹಾರಿ, ಹೆಡ್‌ನ ಲೋಹದಲ್ಲಿ ಹರಿದು, ಜೋಡಿಯ ಇನ್ನೊಂದು ಪ್ಲಗ್‌ನಲ್ಲಿ ತಿರುಗುಮುರುಗಾಗಿ ಹಾರಿ ಕಾಯಿಲ್ ಸೇರುತ್ತದೆ. ಒಂದು ಕಡೆ ವೈರ್ ಕಳಚಿದರೆ ಎರಡು ಸಿಲಿಂಡರ್‌ಗಳೂ ಒಟ್ಟಿಗೆ ತೊಂದರೆಗೆ ಸಿಕ್ಕುವುದು ಇದರಿಂದಲೇ. ಒಂದೊಂದು ಪ್ಲಗ್‌ಗೆ ಒಂದೊಂದು ಕಾಯಿಲ್ ಇರುವ ವ್ಯವಸ್ಥೆಯಲ್ಲಿ, ಅದರಲ್ಲೂ ಇಗ್ನೈಟರ್ (ಕಾಯಿಲ್‌ನ ಕರೆಂಟನ್ನು ಬಿಟ್ಟು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಕಾಯಿಲ್ ಒಳಗೇ ಇದ್ದರೆ, ಹಿಂದಿರುಗುವ ದಾರಿ ಸಾಮಾನ್ಯವಾಗಿ ಕಾಯಿಲ್‌ನ ಗ್ರೌಂಡ್ ವೈರ್ ಮೂಲಕ ಆಗುವುದರಿಂದ, ಆ ವೈರ್ ಚಿಕ್ಕದಾಗಿಯೂ ದಪ್ಪವಾಗಿಯೂ ಇದ್ದು ನೇರವಾಗಿ ಹೆಡ್‌ಗೆ ಸೇರಿರಬೇಕು. ಸೆನ್ಸರ್‌ಗಳ ಗ್ರೌಂಡ್ ಜೊತೆ ಅದನ್ನು ಸೇರಿಸಲೇಬಾರದು. ನಿಮ್ಮ ಪ್ಯಾಕ್‌ನಲ್ಲಿಯೂ ಕಬ್ಬಿಣದ ಕೋರ್ ಗ್ರೌಂಡ್ ಆಗಿರಲಿ. ಬ್ರಾಕೆಟ್‌ಗೆ ಬಣ್ಣ ಬಳಿದಿದ್ದರೆ ಬೋಲ್ಟ್ ಕೂರುವ ಜಾಗದಲ್ಲಿ ಅದನ್ನು ಕೆರೆದು ತೆಗೆಯಿರಿ.

ರಾಕರ್ ಕವರ್ ನನಗೆ ಹಿಡಿಸದ ಜಾಗ. ಅದು ತೆಳುವಾದ ತಗಡು, ಅದುರುತ್ತದೆ. ಕೆಳಗೆ ರಬ್ಬರ್ ಅಥವಾ ಕಾರ್ಕ್ ಗ್ಯಾಸ್ಕೆಟ್ ಇರುವುದರಿಂದ ಗ್ರೌಂಡ್ ಆಗಿ ನಂಬಲು ಬರುವುದಿಲ್ಲ. ಮೇಲಾಗಿ ಟ್ಯಾಪೆಟ್ ಸರಿಮಾಡಲು ಹೊರಟಾಗಲೆಲ್ಲ ಇಡೀ ಪ್ಯಾಕನ್ನು ಬಿಚ್ಚಬೇಕಾಗುತ್ತದೆ. ಹೆಡ್‌ನ ತುದಿಯಲ್ಲಿ ಡಿಸ್ಟ್ರಿಬ್ಯೂಟರ್ ತೆಗೆದ ಜಾಗ ಖಾಲಿಯಿದ್ದರೆ ಆ ರಂಧ್ರವನ್ನು ಮುಚ್ಚುವ ಪ್ಲೇಟನ್ನೇ ಬ್ರಾಕೆಟ್ ಆಗಿ ಬಳಸಬಹುದು, ಮತ್ತು ನೋಡಲಿಕ್ಕೂ ಅದು ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ. ಟರ್ಬೊ ಅಲ್ಲೇ ಪಕ್ಕದಲ್ಲಿದ್ದರೆ ಮಾತ್ರ ಫೈರ್‌ವಾಲ್ ಆರಿಸಿಕೊಳ್ಳಿ. ಆಗ ಎಂಜಿನ್ ತನ್ನ ಮೌಂಟ್‌ಗಳ ಮೇಲೆ ಹೊರಳುವಷ್ಟು ಸಡಿಲವನ್ನು ವೈರ್‌ಗಳಲ್ಲಿ ಬಿಡಬೇಕು, ಕಾಯಿಲ್ ಬ್ರಾಕೆಟ್‌ನಿಂದ ಹೆಡ್‌ಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಎಳೆಯಬೇಕು.

ಶಾಖದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4 ಪ್ರತಿಶತ ಏರುತ್ತದೆ. 20 ಡಿಗ್ರಿಯಲ್ಲಿ 0.5 ಓಮ್ ಇದ್ದ ಪ್ರೈಮರಿ (ಬ್ಯಾಟರಿಯ ಕರೆಂಟು ಹರಿಯುವ) ಸುರುಳಿ 120 ಡಿಗ್ರಿಯಲ್ಲಿ ಸುಮಾರು 0.7 ಓಮ್ ಆಗುತ್ತದೆ. ಅಷ್ಟೇ ಡ್ವೆಲ್ ಸಮಯದಲ್ಲಿ (ಪ್ರತಿ ಕಿಡಿಗೂ ಮುನ್ನ ಕಾಯಿಲ್‌ಗೆ ಕರೆಂಟು ತುಂಬುವ ಹೊತ್ತು) ಅದರಲ್ಲಿ ಹಿಂದಿನಷ್ಟು ಕರೆಂಟು ತುಂಬಿಕೊಳ್ಳುವುದಿಲ್ಲ. ತಣ್ಣಗಿದ್ದಾಗ ಸರಿಯಾಗಿ ಓಡಿ, ಬಿಸಿಯಾದ ಮೇಲೆ ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ತೋರಿಸುವ ಕಾರುಗಳಲ್ಲಿ ಅನೇಕರು ಪ್ಲಗ್‌ಗಳನ್ನು ಬದಲಿಸುತ್ತಲೇ ಇರುತ್ತಾರೆ, ಕಾಯಿಲ್ ಎಲ್ಲಿ ಬೇಯುತ್ತಿದೆ ಎಂದು ನೋಡುವುದಿಲ್ಲ. ಹಾಗೆಂದು ಡ್ವೆಲ್ ಅನ್ನು ಮನಬಂದಂತೆ ಹೆಚ್ಚಿಸಿದರೆ ಕಾಯಿಲ್ ಇನ್ನಷ್ಟು ಕಾಯುತ್ತದೆ. 6000 ಆರ್‌ಪಿಎಂನಲ್ಲಿ ವೇಸ್ಟೆಡ್ ಸ್ಪಾರ್ಕ್ ಕಾಯಿಲ್‌ಗೆ ಎರಡು ಕಿಡಿಗಳ ನಡುವೆ 10 ಮಿಲಿಸೆಕೆಂಡ್ ಸಿಗುತ್ತದೆ. ಸಾಮಾನ್ಯ ಪ್ಯಾಕ್‌ಗಳಿಗೆ 3 ಮಿಲಿಸೆಕೆಂಡ್ ಆಸುಪಾಸಿನ ಡ್ವೆಲ್ ಸಾಕಾಗುವುದರಿಂದ ಸಮಯದ ಕೊರತೆಯೇನೂ ಇಲ್ಲ. ನಿಮ್ಮ ಪ್ಯಾಕ್‌ನ ನಿಖರ ಅಂಕಿಯನ್ನು ತಯಾರಕರ ಮಾಹಿತಿಯಿಂದಲೇ ತೆಗೆದುಕೊಳ್ಳಿ.

ಇನ್ನು ವೈರ್. ರೆಸಿಸ್ಟೆನ್ಸ್ ಇರುವ ವೈರ್ ಕಿಡಿಯನ್ನು ಕೊಲ್ಲುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಆದರೆ ಕಿಡಿ ಹಾರುವ ಮುನ್ನ ವೈರ್‌ನಲ್ಲಿ ಹೆಚ್ಚುಕಡಿಮೆ ಕರೆಂಟೇ ಹರಿಯುವುದಿಲ್ಲವಾದ್ದರಿಂದ ವೋಲ್ಟೇಜ್ ನಷ್ಟವೂ ಅಷ್ಟಾಗಿ ಇರುವುದಿಲ್ಲ. ಕಿಡಿ ಹಾರಲು ಎಷ್ಟು ವೋಲ್ಟೇಜ್ ಬೇಕೆಂಬುದನ್ನು ಮುಖ್ಯವಾಗಿ ಪ್ಲಗ್‌ನ ಗ್ಯಾಪ್ ಮತ್ತು ಸಿಲಿಂಡರಿನ ಒತ್ತಡ ನಿರ್ಧರಿಸುತ್ತವೆ. ಹಾರಿದ ಮೇಲೆ ಹರಿಯುವುದು ಕೆಲವೇ ಹತ್ತು ಮಿಲಿಆಂಪ್. ಜೋಡಿಯ ಎರಡು ವೈರ್‌ಗಳಿಗೆ ತಲಾ 3 ಕಿಲೋಓಮ್, ಎರಡು ರೆಸಿಸ್ಟರ್ ಪ್ಲಗ್‌ಗಳಿಗೆ ತಲಾ 5 ಕಿಲೋಓಮ್ ಎಂದು ಹಿಡಿದರೂ ಒಟ್ಟು 16 ಕಿಲೋಓಮ್. 50 ಮಿಲಿಆಂಪ್‌ಗೆ 800 ವೋಲ್ಟ್ ಅಲ್ಲಿ ಖರ್ಚಾಗುತ್ತದೆ. ಇದು ನಷ್ಟವೇ ಹೌದು, ಆದರೆ ಸುಸ್ಥಿತಿಯಲ್ಲಿರುವ ಕಾಯಿಲ್ ಅದನ್ನು ಭರಿಸಬಲ್ಲದು. ತಾಮ್ರದ ಎಳೆಯ ವೈರ್ ಈ ನಷ್ಟದ ಒಂದು ಪಾಲನ್ನು ಉಳಿಸಿ, ಅದಕ್ಕೆ ಬದಲಾಗಿ ರೇಡಿಯೋ ಅಲೆಗಳನ್ನು ಸುತ್ತಲೂ ಚೆಲ್ಲುತ್ತದೆ. ಕ್ರ್ಯಾಂಕ್ ಸೆನ್ಸರ್‌ನ ಸಣ್ಣ ಸಿಗ್ನಲ್ ಅದರಲ್ಲಿ ಕೆಟ್ಟರೆ ಇಸಿಯು ಕ್ರ್ಯಾಂಕ್ ಜೊತೆ ತಿರುಗುವ ಚಕ್ರದ ಹಲ್ಲುಗಳ ಎಣಿಕೆ ತಪ್ಪಿ ಕಿಡಿಯನ್ನೇ ನಿಲ್ಲಿಸಬಹುದು. ಸುರುಳಿ ತಂತಿಯ ವೈರ್ ತನ್ನ ಇಂಡಕ್ಟೆನ್ಸ್‌ನಿಂದ ಆ ಗದ್ದಲವನ್ನು ತಡೆಯುತ್ತದೆ, ಮತ್ತು ಕಾರ್ಬನ್ ಎಳೆಯ ವೈರ್‌ನಂತೆ ಬಗ್ಗಿಸಿ ಎಳೆದಾಡಿದಾಗ ಒಳಗೇ ತುಂಡಾಗುವ ಭಯವೂ ಅದರಲ್ಲಿ ಕಡಿಮೆ.

ವೈರ್‌ಗಳ ಮೇಲೆ ಬರೆದಿರುವ 7, 8, 8.5 ಎಂಎಂ ಎಂಬ ಅಂಕಿಗಳು ಹೊರಗಿನ ವ್ಯಾಸ ಮಾತ್ರ. ದಪ್ಪಗಿದ್ದರೆ ಹೊದಿಕೆ ಹೆಚ್ಚಿದೆ ಎಂದರ್ಥ, ಕಿಡಿ ಹೆಚ್ಚು ಎಂದಲ್ಲ. ಹಣವನ್ನು ಬೂಟ್ (ವೈರ್ ತುದಿಯ ರಬ್ಬರ್ ಟೋಪಿ) ಮತ್ತು ಟರ್ಮಿನಲ್‌ಗಳ ಗುಣಮಟ್ಟದ ಮೇಲೆ ಹಾಕುವುದು ಲೇಸು, ಏಕೆಂದರೆ ಪ್ಯಾಕ್‌ನ ಟವರಿಗೆ (ವೈರ್ ಸಿಕ್ಕಿಸುವ ಮೂತಿ) ಸರಿಹೊಂದದ ಬೂಟಿನಿಂದ ಕರೆಂಟು ಸೋರುವುದು ಸಾಮಾನ್ಯ ದೋಷ.

ವೈರ್‌ಗಳನ್ನು ಹಾಯಿಸುವಾಗ ಅಂದಕ್ಕಾಗಿ ನಾಲ್ಕನ್ನೂ ಒಟ್ಟಿಗೆ ಕಟ್ಟಬೇಡಿ. 1 ಮತ್ತು 4ರಲ್ಲಿ ಕಿಡಿ ಹಾರುವ ಹೊತ್ತಿಗೆ 2 ಅಥವಾ 3ರಲ್ಲಿ ಒಂದು ಸಿಲಿಂಡರ್ ಆಗಷ್ಟೇ ಹೊಸ ಮಿಶ್ರಣವನ್ನು ಎಳೆದುಕೊಂಡು ಕೆಳಗಿರುತ್ತದೆ. ಅಲ್ಲಿ ಒತ್ತಡ ಕಡಿಮೆಯಿರುವುದರಿಂದ ಪಕ್ಕದ ವೈರ್‌ನಿಂದ ಪ್ರೇರಿತವಾದ ವೋಲ್ಟೇಜ್‌ಗೂ ಕಿಡಿ ಹಾರಿಬಿಡಬಹುದು, ಕಂಪ್ರೆಷನ್ ಆರಂಭದಲ್ಲೇ ಹೊತ್ತಿಕೊಂಡ ಮಿಶ್ರಣ ಪಿಸ್ಟನ್ನಿಗೆ ಒಳ್ಳೆಯದಲ್ಲ. ಎರಡು ಜೋಡಿಗಳ ನಡುವೆ ಸೆಪರೇಟರ್ ಹಾಕಿ ಅಂತರ ಕಾಪಾಡಿ, ಸೆನ್ಸರ್ ವೈರ್‌ಗಳನ್ನು ದಾಟಲೇಬೇಕಾದಲ್ಲಿ ಅಡ್ಡವಾಗಿ ದಾಟಿಸಿ.

ಟವರ್‌ಗಳ ಜೋಡಿ ಯಾವುದೆಂದು ಗೊಂದಲವಿದ್ದರೆ, ಒಳಗೆ ಡಯೋಡ್ ಇಲ್ಲದ ಪ್ಯಾಕ್‌ಗಳಲ್ಲಿ ಓಮ್ ಮೀಟರ್ ಸಾಕು: ಜೋಡಿ ಟವರ್‌ಗಳ ನಡುವೆ ಕೆಲವು ಕಿಲೋಓಮ್ ತೋರುತ್ತದೆ, ಉಳಿದವುಗಳ ನಡುವೆ ಸಂಪರ್ಕವೇ ತೋರುವುದಿಲ್ಲ. ಎಂಜಿನ್ ಓಡುತ್ತಿರುವಾಗ ವೈರ್ ಕಿತ್ತು ಪರೀಕ್ಷಿಸುವ ಹಳೆಯ ಅಭ್ಯಾಸವನ್ನು ಈ ಪ್ಯಾಕ್‌ಗಳ ಮೇಲೆ ಪ್ರಯೋಗಿಸಬೇಡಿ. ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಒಳಗಿನ ಹೊದಿಕೆಯನ್ನೇ ತೂತು ಮಾಡಬಹುದು, ನಿಮ್ಮ ಕೈಗೂ ಅಪಾಯ. ಕಿಡಿ ನೋಡಲೇಬೇಕಿದ್ದರೆ ಗ್ರೌಂಡ್‌ಗೆ ಸಿಕ್ಕಿಸುವ ಸ್ಪಾರ್ಕ್ ಟೆಸ್ಟರ್ ಬಳಸಿ.