ಅರವತ್ತರ ಹೊಟ್ಟೆಗೆ ಬೆಳವಣಿಗೆ ಹಾರ್ಮೋನ್ ಮದ್ದಲ್ಲ

ಓದುಗರ ಪತ್ರ: ನನಗೀಗ 63, ತೂಕ 65 ಕೆ.ಜಿ. ಊಟ ಮೊದಲಿನಷ್ಟೇ ಇದ್ದರೂ ಹೊಟ್ಟೆ ಬರುತ್ತಿದೆ, ತೋಳು-ತೊಡೆ ಸೊರಗುತ್ತಿವೆ. ಸಕ್ಕರೆ ಕಾಯಿಲೆ ಆರಂಭದ ಹಂತದಲ್ಲಿದೆ. ಮಿದುಳಿನ ಬೆಳವಣಿಗೆ ಹಾರ್ಮೋನ್ ಕಡಿಮೆಯಾಗಿರುವುದೇ ಕಾರಣ, ಇಂಜೆಕ್ಷನ್ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಜಿಮ್ಮಿನಲ್ಲಿ ಹೇಳುತ್ತಾರೆ. ಆದರೆ ಈ ಹಾರ್ಮೋನ್ ಇಲ್ಲದ ಇಲಿಗಳೇ ಹೆಚ್ಚು ಕಾಲ ಬದುಕುತ್ತವೆ ಎಂದೂ ಓದಿದ್ದೇನೆ. ಯಾವುದನ್ನು ನಂಬಲಿ?
(ನಿವೃತ್ತ ಶಿಕ್ಷಕರು, ದಾವಣಗೆರೆ)

ಸಂಪಾದಕರ ಉತ್ತರ:

ಹಾರ್ಮೋನ್ ಕಡಿಮೆಯಾಗಿದೆ ಎಂಬುದೂ ನಿಜ, ಇಲಿಗಳ ವಿಷಯವೂ ನಿಜ. ಇಂಜೆಕ್ಷನ್ ಮಾತ್ರ ಬೇಡ. ಅದರಲ್ಲೂ ಸಕ್ಕರೆ ಕಾಯಿಲೆ ಶುರುವಾಗಿರುವ ನಿಮಗೆ ಖಂಡಿತ ಬೇಡ.

ಈ ಹಾರ್ಮೋನ್ ತಯಾರಾಗುವುದು ಮಿದುಳಿನ ಬುಡಕ್ಕೆ ಅಂಟಿಕೊಂಡಿರುವ, ಸುಮಾರು ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿಯಲ್ಲಿ. ಅಪ್ಪಣೆ ಬರುವುದು ಅದರ ಮೇಲಿರುವ ಹೈಪೋಥಲಾಮಸ್‌ನಿಂದ. ಜಿಎಚ್‌ಆರ್‌ಎಚ್ ಎಂಬ ರಾಸಾಯನಿಕವು ಬೆಳವಣಿಗೆ ಹಾರ್ಮೋನನ್ನು ಹೊರಬಿಡಿಸುತ್ತದೆ, ಸೊಮಾಟೊಸ್ಟಾಟಿನ್ ಎಂಬ ಇನ್ನೊಂದು ಅದನ್ನು ತಡೆಯುತ್ತದೆ. ಹೀಗಾಗಿ ಹಾರ್ಮೋನ್ ಒಂದೇ ಸಮನೆ ಸುರಿಯದೆ ದಿನಕ್ಕೆ ಹಲವು ಸಲ ಅಲೆಗಳಾಗಿ ಬರುತ್ತದೆ. ಅತಿ ದೊಡ್ಡ ಅಲೆ ಏಳುವುದು ರಾತ್ರಿಯ ಮೊದಲ ಗಾಢನಿದ್ರೆಯಲ್ಲಿ.

ಯೌವನ ಕಳೆದ ಮೇಲೆ ಈ ಸ್ರವಿಕೆ ಹತ್ತು ವರ್ಷಕ್ಕೆ ಸುಮಾರು ಶೇ. 14ರಷ್ಟು ಇಳಿಯುತ್ತದೆ. ಹಾಗೆಂದು ಗ್ರಂಥಿ ಸವೆದುಹೋಗಿರುವುದಿಲ್ಲ. ವಯಸ್ಸಾದವರಿಗೆ ಜಿಎಚ್‌ಆರ್‌ಎಚ್ ಕೊಟ್ಟು ನೋಡಿದರೆ ಅದೇ ಗ್ರಂಥಿ ಮತ್ತೆ ಹಾರ್ಮೋನ್ ಬಿಡುತ್ತದೆ. ಕುಗ್ಗಿರುವುದು ಹೆಚ್ಚಾಗಿ ಮೇಲಿನ ಅಪ್ಪಣೆ, ಜೊತೆಗೆ ಗಾಢನಿದ್ರೆ. 16ರಿಂದ 83 ವರ್ಷದ 149 ಗಂಡಸರ ನಿದ್ರೆಯನ್ನು ಅಳೆದ, 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 25ರೊಳಗಿನವರ ನಿದ್ರೆಯಲ್ಲಿ ಶೇ. 18.9ರಷ್ಟಿದ್ದ ಗಾಢನಿದ್ರೆ 36–50ರ ವಯಸ್ಸಿನವರಲ್ಲಿ ಶೇ. 3.4ಕ್ಕೆ ಇಳಿದಿತ್ತು. ಹಾರ್ಮೋನ್ ಕೂಡ ಅದರೊಂದಿಗೇ ಇಳಿದಿತ್ತು. ಹೊಟ್ಟೆಯ ಬೊಜ್ಜಿನ ಪಾತ್ರವೂ ದೊಡ್ಡದು. ರಕ್ತದಲ್ಲಿ ಇನ್ಸುಲಿನ್ ಮತ್ತು ಕೊಬ್ಬಿನಾಮ್ಲ ಏರಿದಾಗ ಈ ಹಾರ್ಮೋನ್ ಅಡಗುತ್ತದೆ. ಬೊಜ್ಜಿರುವ ಹರೆಯದವರಲ್ಲೂ ಅದು ಕಡಿಮೆಯೇ. ತೂಕ ಇಳಿಸಿದರೆ ಮತ್ತೆ ಏರುತ್ತದೆ. ಅಂದರೆ ಹಾರ್ಮೋನ್ ಕಡಿಮೆಯಾದದ್ದರಿಂದ ಹೊಟ್ಟೆ ಬಂತು ಎನ್ನುವಷ್ಟೇ, ಹೊಟ್ಟೆ ಬಂದದ್ದರಿಂದ ಹಾರ್ಮೋನ್ ಕಡಿಮೆಯಾಯಿತು ಎನ್ನುವುದೂ ಸರಿ. ಜಿಮ್ಮಿನವರು ಹೇಳದೆ ಬಿಟ್ಟ ಅರ್ಧ ಇದು.

ಈಗ ಚಯಾಪಚಯಕ್ಕೆ ಬರೋಣ. ಈ ಹಾರ್ಮೋನ್ ಕೊಬ್ಬಿನ ಕೋಶಗಳಿಂದ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬನ್ನು ಉರಿಸತೊಡಗಿದ ಸ್ನಾಯು ಸಕ್ಕರೆಯನ್ನು ಕಡಿಮೆ ಎಳೆದುಕೊಳ್ಳುತ್ತದೆ, ಯಕೃತ್ತು ಹೆಚ್ಚು ಸಕ್ಕರೆ ಬಿಡುತ್ತದೆ. ಉಪವಾಸದಲ್ಲಿ ಇದು ಪ್ರಾಣ ಉಳಿಸುವ ಏರ್ಪಾಡು. ಊಟ ಸಾಕಷ್ಟಿರುವ, ಇನ್ಸುಲಿನ್‌ಗೆ ಆಗಲೇ ಸರಿಯಾಗಿ ಸ್ಪಂದಿಸದ ದೇಹದಲ್ಲಿ ಇದೇ ಸಕ್ಕರೆ ಏರಿಸುತ್ತದೆ. ಪಿಟ್ಯುಟರಿಗೂ ಸಕ್ಕರೆಗೂ ಇರುವ ನಂಟನ್ನು ತೋರಿಸಿದ್ದಕ್ಕೇ ಅರ್ಜೆಂಟೀನಾದ ಬರ್ನಾರ್ಡೊ ಹೌಸೆ ಅವರಿಗೆ 1947ರಲ್ಲಿ ನೊಬೆಲ್ ಬಂದದ್ದು.

ಹಾರ್ಮೋನ್ ತಿರುಗಿ ಮಿದುಳಿನ ಮೇಲೂ ಕೆಲಸ ಮಾಡುತ್ತದೆ. ಹೈಪೋಥಲಾಮಸ್‌ನಲ್ಲಿ ಹಸಿವು ಎಬ್ಬಿಸುವ ಎಜಿಆರ್‌ಪಿ ನರಕೋಶಗಳಲ್ಲಿ ಇದರ ಗ್ರಾಹಕಗಳಿವೆ (ಹಾರ್ಮೋನಿನ ಸಂದೇಶವನ್ನು ಹಿಡಿಯುವ ಪ್ರೋಟೀನುಗಳು). ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಕೋಶಗಳ ಗ್ರಾಹಕ ತೆಗೆದ ಇಲಿಗಳಿಗೆ ಆಹಾರ ಕಡಿತ ಮಾಡಿದಾಗ ಅವು ಶಕ್ತಿಯ ಖರ್ಚನ್ನು ಸರಿಯಾಗಿ ತಗ್ಗಿಸಿಕೊಳ್ಳಲಿಲ್ಲ, ಹೆಚ್ಚು ತೂಕ ಕಳೆದುಕೊಂಡವು. ಹಸಿದ ಮಿದುಳಿಗೆ ‘ಖರ್ಚು ಬಿಗಿಹಿಡಿ’ ಎಂದು ಹೇಳುವುದೂ ಈ ಹಾರ್ಮೋನೇ. ಊಟ ಬಿಟ್ಟು ತೂಕ ಇಳಿಸಲು ಹೊರಟವರ ಇಳಿಕೆ ಕೆಲವು ವಾರಕ್ಕೆ ನಿಂತುಹೋಗುವುದರ ಹಿಂದೆ ಇಂಥ ಬಿಗಿಹಿಡಿತವೂ ಇದೆ.

ಇಂಜೆಕ್ಷನ್ನಿನ ಮೋಹ ಹುಟ್ಟಿದ್ದು 1990ರಲ್ಲಿ. ಅಮೆರಿಕದಲ್ಲಿ 61 ದಾಟಿದ 12 ಗಂಡಸರಿಗೆ ಆರು ತಿಂಗಳು ಹಾರ್ಮೋನ್ ಕೊಟ್ಟಾಗ ಕೊಬ್ಬು ಶೇ. 14.4 ಇಳಿಯಿತು, ಕೊಬ್ಬಿಲ್ಲದ ತೂಕ ಶೇ. 8.8 ಏರಿತು. ಆಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯಲ್ಲಿ ಉಳಿದದ್ದು ಎರಡು ಕೆ.ಜಿ. ಕೊಬ್ಬಿನ ಇಳಿಕೆ, ಎರಡು ಕೆ.ಜಿ. ಕೊಬ್ಬಿಲ್ಲದ ತೂಕದ ಏರಿಕೆ. ಆ ಏರಿಕೆಯೆಲ್ಲ ಸ್ನಾಯುವಲ್ಲ, ನೀರಿನ ಪಾಲೂ ಇದೆ. ಜೊತೆಗೆ ಬಾವು, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜೋಮುಗಟ್ಟುವುದು. ಮಾತ್ರೆ, ಸ್ಪ್ರೇ ರೂಪದಲ್ಲಿ ಮಾರುವವರನ್ನಂತೂ ನಂಬಲೇಬೇಡಿ. ಇದು 191 ಅಮೈನೊ ಆಮ್ಲಗಳ ಪ್ರೋಟೀನು, ನುಂಗಿದರೆ ಬೇಳೆಯಂತೆ ಜೀರ್ಣವಾಗುತ್ತದೆ.

ಇಲಿಗಳ ವಿಷಯ. ಹುಟ್ಟಿನಿಂದಲೇ ಈ ಹಾರ್ಮೋನಿಲ್ಲದ ‘ಏಮ್ಸ್’ ಎಂಬ ತಳಿಯ ಕುಬ್ಜ ಇಲಿಗಳು ಉಳಿದವಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು ಬದುಕುತ್ತವೆ. ಆದರೆ ಎಳವೆಯಲ್ಲಿ ಆರು ವಾರ ಹಾರ್ಮೋನ್ ಕೊಟ್ಟರೆ ಆ ಲಾಭ ಕರಗುತ್ತದೆ. ಮನುಷ್ಯರಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಈಕ್ವೆಡಾರ್‌ನ ಲ್ಯಾರನ್ ಸಿಂಡ್ರೋಮ್ ಉಳ್ಳವರು. ಇವರಲ್ಲಿ ಹಾರ್ಮೋನ್ ಇದೆ, ಗ್ರಾಹಕ ಕೆಲಸ ಮಾಡುವುದಿಲ್ಲ. ಬೊಜ್ಜಿದ್ದರೂ ಮಧುಮೇಹ, ಕ್ಯಾನ್ಸರ್ ಅಪರೂಪ. ಆಯಸ್ಸು ಮಾತ್ರ ಇಲಿಗಳಂತೆ ಉದ್ದವಾದದ್ದು ಕಂಡಿಲ್ಲ.

ನೀವೇ ಸರಿಪಡಿಸಿಕೊಳ್ಳಬಹುದಾದದ್ದು ಸ್ನಾಯುವನ್ನು. ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಲೆಕ್ಕದಲ್ಲಿ ನಿಮಗೆ ದಿನಕ್ಕೆ 65–78 ಗ್ರಾಂ ಪ್ರೋಟೀನು ಬೇಕು. 50 ಗ್ರಾಂ ತೊಗರಿಬೇಳೆಯಿಂದ 11, ಅಷ್ಟೇ ಹುರುಳಿಕಾಳಿನಿಂದ 11, ಅರ್ಧ ಲೀಟರ್ ಹಾಲು-ಮೊಸರಿನಿಂದ 16, ಎರಡು ಮೊಟ್ಟೆಯಿಂದ 12, ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಿಂದ 7, 30 ಗ್ರಾಂ ಕಡಲೆಕಾಯಿ ಬೀಜದಿಂದ 7 ಗ್ರಾಂ ಸಿಗುತ್ತದೆ. ಉಳಿದದ್ದು ಅನ್ನ, ರೊಟ್ಟಿಯಿಂದ ಬರುತ್ತದೆ. ಮೊಟ್ಟೆ ತಿನ್ನದಿದ್ದರೆ 25 ಗ್ರಾಂ ಸೋಯಾ ಚಂಕ್ಸ್ ಸಾಕು. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ. ಒಂದೇ ಊಟಕ್ಕೆ ಸುರಿಯದೆ ಮೂರು ಹೊತ್ತಿಗೂ ಹಂಚಿ. ನಮ್ಮ ಬೆಳಗಿನ ಉಪ್ಪಿಟ್ಟು-ಅವಲಕ್ಕಿಯಲ್ಲೇ ಇದರ ಕೊರತೆ ಹೆಚ್ಚು.

ಬರೀ ವಾಕಿಂಗ್ ಸಾಲದು. ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಭಾರ ಎತ್ತುವುದು: ಒಂದೊಂದೂ 8–12 ಸಲ, ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವಾಗದಿದ್ದರೆ ಭಾರ ಹೆಚ್ಚಿಸಿ. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಏರುತ್ತದೆ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಿ. ಉಸಿರು ಕಟ್ಟಿ ಪದೇ ಪದೇ ಎಚ್ಚರವಾಗುವವರಿಗೆ ಗಾಢನಿದ್ರೆಯೇ ಸಿಗುವುದಿಲ್ಲ.

ಹಾರ್ಮೋನ್ ನಿಜವಾಗಿಯೂ ಬೇಕಾದವರಿದ್ದಾರೆ: ಪಿಟ್ಯುಟರಿ ಗಡ್ಡೆಯ ಶಸ್ತ್ರಚಿಕಿತ್ಸೆಯಾದವರು, ತಲೆಗೆ ವಿಕಿರಣ ಕೊಡಿಸಿಕೊಂಡವರು, ತೀವ್ರ ಪೆಟ್ಟು ಬಿದ್ದವರು, ಹೆರಿಗೆಯಲ್ಲಿ ಅತಿಯಾಗಿ ರಕ್ತಹೋಗಿ ಗ್ರಂಥಿ ಹಾಳಾದವರು. ಅಲೆಗಳ ನಡುವೆ ಮಟ್ಟ ಸೊನ್ನೆಯ ಹತ್ತಿರ ಇರುವುದರಿಂದ ಯಾವಾಗಲೋ ತೆಗೆದ ರಕ್ತದಲ್ಲಿ ಈ ಹಾರ್ಮೋನ್ ಅಳೆದು ಪ್ರಯೋಜನವಿಲ್ಲ. ಈ ಹಾರ್ಮೋನಿನ ಪ್ರಚೋದನೆಯಿಂದ ಮುಖ್ಯವಾಗಿ ಯಕೃತ್ತು ತಯಾರಿಸುವ ಐಜಿಎಫ್-1 ಕಡಿಮೆ ಬಂದರೂ ಅಪೌಷ್ಟಿಕತೆ, ಯಕೃತ್ತಿನ ಕಾಯಿಲೆ, ಹತೋಟಿ ತಪ್ಪಿದ ಸಕ್ಕರೆಯೂ ಕಾರಣವಾಗಬಹುದು. ಖಚಿತ ಪರೀಕ್ಷೆಗಳಲ್ಲಿ ಒಂದು, ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು 40ಕ್ಕಿಂತ ಕೆಳಗಿಳಿಸಿ ಹಾರ್ಮೋನ್ ಏರುತ್ತದೆಯೇ ಎಂದು ನೋಡುವುದು. ಹೃದಯದ ಕಾಯಿಲೆ, ಮೂರ್ಛೆರೋಗ ಇದ್ದವರಿಗೆ ಇದನ್ನು ಮಾಡುವುದಿಲ್ಲ. ಮೇಲಿನ ಯಾವುದೂ ನಿಮಗೆ ಆಗಿಲ್ಲವಾದರೆ ಆ ದುಡ್ಡಿನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ, ವರದಿಯೊಂದಿಗೆ ನಿಮ್ಮ ವೈದ್ಯರನ್ನು ಕಾಣಿ.