ಕಲ್ಲಿನ ಜರಿಗಿಡವೂ ನರಕೋಶದ ಡೆಂಡ್ರೈಟೂ

ಓದುಗರ ಪತ್ರ: ಶಹಾಬಾದ್ ಕಲ್ಲಿನ ಚಪ್ಪಡಿಯೊಂದನ್ನು ಸೀಳಿದಾಗ ಒಳಗೆ ಜರಿಗಿಡದಂಥ ಕಪ್ಪು ಗುರುತು ಕಂಡಿತು. ನಾನು ಪಳೆಯುಳಿಕೆ ಎಂದುಕೊಂಡೆ, ಪರಿಚಯದ ಅಧ್ಯಾಪಕರು ‘ಡೆಂಡ್ರೈಟ್’ ಎಂದರು. ಅದು ನರಕೋಶದ ಭಾಗವಲ್ಲವೇ? ನಿಮ್ಮ ಬ್ಯಾಟರಿ ಲೇಖನದಲ್ಲೂ ಅದೇ ಪದವಿತ್ತು. ಯಾವುದು ಸರಿ? — ಓದುಗರು, ಕಲಬುರಗಿ ಜಿಲ್ಲೆ

ಸಂಪಾದಕರ ಉತ್ತರ:

ಕಲ್ಲು, ನರಕೋಶ, ಬ್ಯಾಟರಿ — ಮೂರೂ ಕಡೆ ಆ ಪದ ಸರಿ. ಗ್ರೀಕಿನಲ್ಲಿ ‘ಡೆಂಡ್ರಾನ್’ ಎಂದರೆ ಮರ. ಕಲ್ಲು-ಖನಿಜದವರು ಮೊದಲೇ ಬಳಸುತ್ತಿದ್ದ ಈ ಹೆಸರನ್ನು ನರಕೋಶದ ಕವಲುಗಳಿಗೆ 1889ರಲ್ಲಿ ಇಟ್ಟವರು ಅಂಗರಚನಾ ವಿಜ್ಞಾನಿ ವಿಲ್ಹೆಲ್ಮ್ ಹಿಸ್. ಪದ ಹೇಳುವುದು ಆಕಾರವನ್ನಷ್ಟೇ. ಅದು ಹೇಗೆ ಹುಟ್ಟಿತು ಎಂಬುದನ್ನಲ್ಲ.

ನಿಮ್ಮ ಕಲ್ಲಿನದು ಗಿಡವಾಗಿರಲು ಸಾಧ್ಯವೇ ಇಲ್ಲ. ಭೀಮಾ ತೀರದ ಆ ಸುಣ್ಣಕಲ್ಲು 54 ಕೋಟಿ ವರ್ಷಗಳಿಗಿಂತ ಹಳೆಯದು. ಆಗ ನೆಲದ ಮೇಲೆ ಜರಿಗಿಡವಿರಲಿ, ಗಿಡದ ಜಾತಿಯೇ ಇರಲಿಲ್ಲ. ನೀವು ಕಂಡದ್ದು ಬಹುಮಟ್ಟಿಗೆ ಮ್ಯಾಂಗನೀಸ್ ಆಕ್ಸೈಡ್. ಮ್ಯಾಂಗನೀಸ್ ಕರಗಿದ ನೀರು ಪದರಗಳ ಸಂದಿಗೆ ಇಳಿದು, ಆಕ್ಸಿಜನ್ ತಗುಲಿದಲ್ಲಿ ಆಕ್ಸೈಡ್ ಆಗಿ ಕೂರುತ್ತದೆ. ಕೂತ ಕಲೆಯ ಅಂಚು ಎಲ್ಲೋ ಒಂದೆಡೆ ತುಸು ಉಬ್ಬಿರುತ್ತದೆ. ಹೊಸ ನೀರಿನತ್ತ ಚಾಚಿದ ಆ ಉಬ್ಬಿಗೇ ಮ್ಯಾಂಗನೀಸ್ ಹೆಚ್ಚು ಸಿಗುತ್ತದೆ, ಹಿಂದಿನ ತಗ್ಗಿಗೆ ಏನೂ ಉಳಿಯುವುದಿಲ್ಲ. ಉಬ್ಬು ಕವಲಾಗುತ್ತದೆ, ಕವಲಿನ ಮೈಮೇಲೆ ಮತ್ತೆ ಉಬ್ಬು.

ಲಿಥಿಯಂ ಬ್ಯಾಟರಿಯಲ್ಲೂ ತುದಿಗೇ ಲಾಭವೆಂಬ ಇದೇ ತತ್ವ. ಸೊನ್ನೆ ಡಿಗ್ರಿಗಿಂತ ಕೆಳಗೆ, ಅಥವಾ ಅತಿ ವೇಗವಾಗಿ ಚಾರ್ಜ್ ಮಾಡಿದರೆ ಒಂದು ಧ್ರುವದ ಗ್ರಾಫೈಟಿನ ಒಳಕ್ಕೆ ಹೋಗಬೇಕಾದ ಲಿಥಿಯಂ ಹೊರಮೈಯಲ್ಲೇ ಲೋಹವಾಗಿ ಕೂರುತ್ತದೆ. ಅದು ಕವಲೊಡೆದು, ಸುಮಾರು 20 ಮೈಕ್ರಾನ್ ದಪ್ಪದ ನಡುಪರದೆಯನ್ನು ಚುಚ್ಚಿ ಆಚೆಯ ಧ್ರುವವನ್ನು ತಲುಪಿದರೆ ಶಾರ್ಟ್ ಸರ್ಕ್ಯೂಟ್. ಕರಗಿದ ಅಲ್ಯೂಮಿನಿಯಂ ಹೆಪ್ಪುಗಟ್ಟುವಾಗಲೂ ಡೆಂಡ್ರೈಟ್ ಮೂಡುತ್ತದೆ, ಆದರೆ ಹರಳಿನ ಜೋಡಣೆಯ ಹಿಡಿತದಿಂದ ಕವಲುಗಳು ಲಂಬಕೋನದಲ್ಲಿ ಹೊರಡುತ್ತವೆ. ಹಿಮಹರಳಿನಲ್ಲಿ 60 ಡಿಗ್ರಿ. ಕಲ್ಲಿನದಕ್ಕೆ ಇಂಥ ಶಿಸ್ತಿಲ್ಲ.

ನರಕೋಶದ್ದು ಮಾತ್ರ ಬೇರೆಯೇ ಕಥೆ. ಅಲ್ಲಿ ಕವಲನ್ನು ಬೆಳೆಸುವುದು ಜೀವಕೋಶವೇ. ಬಂದ ಸಂಕೇತಗಳನ್ನು ಹಿಡಿದು ಕೋಶದ ಒಡಲಿಗೆ ಒಯ್ಯುವುದು ಆ ಕವಲಿನ ಕೆಲಸ. ಸಂಕೇತವನ್ನು ಹೊರಕ್ಕೆ ಸಾಗಿಸುವ ಆಕ್ಸಾನ್ ಕೂಡ ತುದಿಯಲ್ಲಿ ಕವಲೊಡೆಯುತ್ತದೆ, ಆದರೂ ಅದನ್ನು ಡೆಂಡ್ರೈಟ್ ಎನ್ನುವಂತಿಲ್ಲ. ನದಿಜಾಲವನ್ನು ‘ಡೆಂಡ್ರಿಟಿಕ್’ ಎಂದು ವರ್ಣಿಸಬಹುದು, ನದಿಯನ್ನೇ ಡೆಂಡ್ರೈಟ್ ಎಂದರೆ ತಪ್ಪು. ನಮಗೆ ಬರುವ ಲೇಖನಗಳಲ್ಲಿ ಹೆಚ್ಚಾಗಿ ತಿದ್ದಬೇಕಾಗುವುದು ಇವೆರಡನ್ನೇ.

ಕಲ್ಲನ್ನು ನೀವೇ ಪರೀಕ್ಷಿಸಬಹುದು. ಭೂತಗನ್ನಡಿಯಲ್ಲಿ ನೋಡಿ: ಎಲೆಯಾದರೆ ನಡುನರ, ಅದರಿಂದ ಒಂದೇ ಕ್ರಮದಲ್ಲಿ ಹೊರಟ ಕಿರುನರಗಳು ಕಾಣಬೇಕು. ಡೆಂಡ್ರೈಟಿನಲ್ಲಿ ಅವಿಲ್ಲ, ಸಾಮಾನ್ಯವಾಗಿ ಬಿರುಕಿನ ಅಂಚಿನಿಂದಲೋ ಒಂದು ಚುಕ್ಕೆಯಿಂದಲೋ ಹೊರಟು ಹರಡಿರುತ್ತದೆ. ಕಲ್ಲನ್ನು ತೊಳೆದು ಒಣಗಿಸಿ, ಗುರುತಿನ ಮೇಲೊಂದು, ಬರಿ ಕಲ್ಲಿನ ಮೇಲೊಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ. ಔಷಧಿ ಅಂಗಡಿಯದೇ ಸಾಕು, ಬಾಟಲಿ ಹಳೆಯದಾಗಿರಬಾರದು. ಗುರುತಿನ ಮೇಲಷ್ಟೇ ನೊರೆ ಎದ್ದರೆ ಮ್ಯಾಂಗನೀಸ್ ಎನ್ನಬಹುದು. ಪದರ ತೀರಾ ತೆಳುವಾಗಿದ್ದರೆ ಗುಳ್ಳೆ ಭೂತಗನ್ನಡಿಯಲ್ಲೇ ಕಾಣಬೇಕಾದೀತು. ವಿನಿಗರ್ ಅಥವಾ ನಿಂಬೆರಸ ಬೇಡ: ಸುಣ್ಣಕಲ್ಲೇ ನೊರೆಯೆದ್ದು ಪರೀಕ್ಷೆ ಕೆಡುತ್ತದೆ, ಜೊತೆಗೆ ಕಲ್ಲಿನ ಹೊಳಪೂ ಹೋಗುತ್ತದೆ.